ನನ್ನ ಕಾಲು ಯಾವ ಕೋರ್ಟಿಗೆ ಸೇರಿದ್ದು

ಇವತ್ತು ಬೆಳಿಗ್ಗೆ ಹುಣಸೆ ಬೀಜದ ಗಂಜಿ ನೀರನ್ನು ಬಾಗಿಲ ಮುಂದೆ ಚೆಲ್ಲಿ, ಎಂದಿನಂತೆ ಬೈಗುಳಕ್ಕೆ ಕಾದು ನಿಂತೆ. ಬೈಗುಳ ಬರಲಿಲ್ಲ.

ಆ ಗಂಜಿಯ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಹುಣಸೆ ಬೀಜವನ್ನು ನೆನೆಸಿ, ಅರೆದು, ಕುದಿಸಿ ಉಣ್ಣೆಯ ನೂಲಿಗೆ ಹಚ್ಚುತ್ತೇವೆ. ಹಚ್ಚಿದರೆ ನೂಲು ಗಟ್ಟಿಯಾಗಿ ಕಂಬಳಿ ನಿಲ್ಲುತ್ತದೆ. ಮಿಕ್ಕ ಗಂಜಿ ಹಂಡೆಯಲ್ಲಿ ಎರಡು ದಿನ ಕೂತರೆ ಸತ್ತ ಇಲಿಗೂ ನಾಚಿಕೆಯಾಗುವಂಥ ನಾತ ಹೊಡೆಯುತ್ತದೆ. ಆ ನೀರನ್ನು ಮನೆಯೊಳಗೆ ಇಟ್ಟುಕೊಳ್ಳಲು ನನಗೇನು ಹುಚ್ಚೇ? ಹೊರಗೆ ಚೆಲ್ಲುತ್ತೇನೆ. ಚಳ್ಳಕೆರೆಯ ನಮ್ಮ ಓಣಿಯಲ್ಲಿ ನೆಲ ಇಳಿಜಾರಾಗಿರುವುದು ಎದುರು ಮನೆಯ ಬೋರಕ್ಕನ ಕಡೆಗೆ. ಆ ಇಳಿಜಾರನ್ನು ನಾನು ಮಾಡಿದ್ದಲ್ಲ. ಆದರೂ ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ನನ್ನನ್ನೇ ಬೈಯುತ್ತ ಬಂದಿದ್ದಾಳೆ.

ಬೈಗುಳ ಬಾರದ್ದಕ್ಕೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಹೋಗಿ ನೋಡೋಣವೆಂದು ಕೋಲು ಹುಡುಕುವಾಗ ಹಳೆಯ ಕೋರ್ಟಿನ ಸಂಗತಿ ನೆನಪಾಯಿತು. ಅದನ್ನು ಹೇಳದೆ ಹೋದರೆ ಆ ಹೆಂಗಸಿನ ಬಾಯಿಗೆ ಎಂಥ ಬೆಲೆಯಿದೆ ಎಂಬುದು ನಿಮಗೆ ತಿಳಿಯುವುದಿಲ್ಲ.

ನಾನು ಹುಟ್ಟಿದ್ದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಕೊಂಡ್ಲಹಳ್ಳಿಯ ಆಚೆ. ತಂಗಿ ತಿಮ್ಮಕ್ಕನನ್ನು ಕೊಟ್ಟದ್ದು ಆಂಧ್ರದ ಕಡೆಯ ಹಳ್ಳಿಗೆ. ನಮ್ಮ ಗಡಿ ಎಂಥದೆಂದರೆ, ಒಂದು ಎಲೆಅಡಿಕೆ ಬಾಯಲ್ಲಿ ಕರಗುವುದರೊಳಗೆ ರಸ್ತೆ ಎರಡು ಸಲ ರಾಜ್ಯ ಬದಲಾಯಿಸುತ್ತದೆ. ಕುರಿಗಳು ಇಲ್ಲಿ ಮೇದು ಅಲ್ಲಿ ಹಿಕ್ಕೆ ಹಾಕುತ್ತವೆ. ಮನುಷ್ಯರೂ ಹೆಚ್ಚುಕಡಿಮೆ ಹಾಗೆಯೇ. ಅದಕ್ಕೇ ನನ್ನ ಬಳಿ ಎರಡು ರೇಷನ್ ಕಾರ್ಡುಗಳಿದ್ದವು. ಒಂದು ಚಳ್ಳಕೆರೆಯದು, ಇನ್ನೊಂದರಲ್ಲಿ ತಂಗಿಯ ಮನೆಯವರ ಜೊತೆ ನನ್ನ ಹೆಸರು ತೆಲುಗಿನಲ್ಲಿ. ಆಗಿನ್ನೂ ಹೆಬ್ಬೆಟ್ಟು ಹಿಡಿಯುವ ಯಂತ್ರ ಬಂದಿರಲಿಲ್ಲ. ಗಡಿಯವರು ಇದನ್ನು ಕಳ್ಳತನ ಎನ್ನುವುದಿಲ್ಲ. ತವರು ಮನೆಯಲ್ಲೂ ಉಂಡು ಗಂಡನ ಮನೆಯಲ್ಲೂ ಉಂಡ ಹಾಗೆ ಅಂದುಕೊಂಡಿದ್ದೆವು. ವೋಟಿನ ಚೀಟಿಯೂ ಎರಡಿದ್ದವು. ಈ ಮಾತನ್ನು ವಕೀಲನಿಗೂ ಹೇಳಿರಲಿಲ್ಲ, ನಿಮಗೂ ಹೇಳುತ್ತಿರಲಿಲ್ಲ, ಬಾಯಿ ತಪ್ಪಿತು.

ಗಂಡ ಸತ್ತ ಮೇಲೆ ಮಗ್ಗಕ್ಕೆ ನಾನೇ ಕೂತೆ. ನಮ್ಮಲ್ಲಿ ಹೆಂಗಸರು ನೂಲಬೇಕು, ಗಂಡಸರು ಮಗ್ಗದ ಗುಂಡಿಗೆ ಇಳಿದು ನೇಯಬೇಕು. ಓಣಿಯ ಹಿರಿಯರು ಬಂದು ಹೆಂಗಸು ಗುಂಡಿಗೆ ಇಳಿಯಬಾರದು ಎಂದರು. ಹಾಗಾದರೆ ನನ್ನ ಬದಲು ನೀವೇ ಇಳಿದು ನೇಯಿರಿ ಎಂದೆ. ಎಲ್ಲರಿಗೂ ಅದೇ ಕ್ಷಣದಲ್ಲಿ ಬೇರೆ ಕೆಲಸ ನೆನಪಾಯಿತು.

ಮಳೆಗಾಲ ಹತ್ತಿರವಾದಾಗ ಕಂಬಳಿಯ ಗಂಟು ಹೊತ್ತು ಗಡಿಯಾಚೆಯ ಕುರಿಗಾರರಿಗೆ ಮಾರಲು ಹೋಗುತ್ತಿದ್ದೆ. ಬಿ.ಜಿ. ಕೆರೆ ದಾಟಿ, ಮೊಳಕಾಲ್ಮೂರಿನಲ್ಲಿ ಬಸ್ಸು ಬದಲಿಸಿ, ರಾಯದುರ್ಗದ ದಾರಿ. ಒಂದು ಸಲ ಬಸ್ಸಿಳಿದು ರಸ್ತೆ ಬದಿಯಲ್ಲಿ ಗಂಟು ಸರಿಮಾಡಿಕೊಳ್ಳುತ್ತಿದ್ದೆ. ಒಂದು ಲಾರಿ ಹಿಂದೆ ನೋಡದೆ ಹಿಂದಕ್ಕೆ ಬಂತು. ನನ್ನ ತಲೆ ಕಂಬಳಿ ಗಂಟಿನ ಮೇಲೆ ಬಿತ್ತು, ಕಾಲು ಚಕ್ರದ ಕಡೆ ಹೋಯಿತು. ಕಣ್ಣು ಬಿಟ್ಟಾಗ ಸುತ್ತ ಜನ. ಒಬ್ಬ ಬಗ್ಗಿ ನೋಡಿ, "ಚಚ್ಚಿಪೋಯಿಂದಾ?" ಅಂದ. ಸತ್ತಳಾ ಅಂತ.

"ಇಂಕಾ ಲೇದು," ಅಂದೆ. ಇನ್ನೂ ಇಲ್ಲ.

ಅಲ್ಲಿನ ಆಸ್ಪತ್ರೆಗೆ ತಂಗಿ ಓಡಿ ಬಂದಳು. ಯಾವ ಊರು ಎಂದು ಕೇಳಿದವರಿಗೆ ತಿಮ್ಮಕ್ಕ ಕುಪ್ಪಸದೊಳಗಿಂದ ಆಂಧ್ರದ ಕಾರ್ಡು ತೆಗೆದು, "ನಮ್ಮೂರೇ, ನಮ್ಮನೆಯೇ," ಎಂದು ತೆಲುಗಿನಲ್ಲಿ ಹೇಳಿದಳು. ಕಾರ್ಡು ಇದ್ದರೆ ಪಟ್ಟಿ ಕಟ್ಟುವುದು ಪುಕ್ಕಟೆ. ನಾನೂ ಹೂಂ ಅಂದೆ. ಪೊಲೀಸರು ಬಂದು ಅದನ್ನೇ ಬರೆದುಕೊಂಡರು. ನೋವಿನಲ್ಲಿ ನಾನು ಮಾಡಿದ ಜಾಣತನ ಅದು. ಅದರ ಫಲ ಆಮೇಲೆ ಬಂತು.

ಮೂರು ತಿಂಗಳು ತಂಗಿಯ ಮನೆಯಲ್ಲಿ ಮಲಗಿ ಊರಿಗೆ ಬಂದಾಗ ಬಲಗಾಲು ಮಡಿಸಲು ಬರುತ್ತಿರಲಿಲ್ಲ. ಮಗ್ಗದ ಗುಂಡಿಯಲ್ಲಿ ಎರಡು ಹಲಗೆಗಳನ್ನು ಎರಡು ಕಾಲಲ್ಲಿ ಒಂದಾದ ಮೇಲೊಂದು ಒತ್ತಬೇಕು. ಒಂದೇ ಕಾಲಿನವಳಿಗೆ ಅದು ಬರಿಯ ಗುಂಡಿ. ಮಗ್ಗವನ್ನು ಬೇರೆ ಥರ ಕಟ್ಟಿಸಬೇಕಿತ್ತು, ಅದಕ್ಕೆ ಲಾರಿಯವರು ಪರಿಹಾರ ಕೊಡಬೇಕಿತ್ತು. ಹೀಗೆ ನಾನು ವಕೀಲ ತಿಪ್ಪೇಸ್ವಾಮಿಯ ಬಾಗಿಲಿಗೆ ಹೋದೆ. ಚಳ್ಳಕೆರೆಯ ಬಿಸಿಲಿನಲ್ಲಿ ಕರಿ ಕೋಟು ಹಾಕುವವನಿಗೆ ಬುದ್ಧಿ ಇರುತ್ತದೆಯೇ ಎಂಬ ಅನುಮಾನ ನನಗಿತ್ತು. ಇತ್ತು, ಸ್ವಲ್ಪ.

"ಅಜ್ಜಿ, ಲಾರಿ ಗುದ್ದಿದ್ದು ಎಲ್ಲಿ?"

"ರಾಯದುರ್ಗದ ರಸ್ತ್ಯಾಗೆ."

"ಲಾರಿ ಯಜಮಾನ?"

"ಅನಂತಪುರದೋನಂತೆ."

"ವಿಮೆ ಕಂಪನಿ ದೊಡ್ಡ ಆಫೀಸು ಮುಂಬೈನಾಗೈತೆ. ನೋಡು, ಗುದ್ದಿದ ಊರಾಗೂ ಕೇಸು ಹಾಕ್ಬೋದು, ಎದುರುಗಾರ ಇರೋ ಊರಾಗೂ ಹಾಕ್ಬೋದು, ನೀನಿರೋ ಊರಾಗೂ ಹಾಕ್ಬೋದು."

"ಮುರಿದಿದ್ದೊಂದು ಕಾಲು, ಅದಕ್ಕೆ ಇಷ್ಟು ಊರು ಹಕ್ಕುದಾರ್ರೇನಪ್ಪಾ. ಇಲ್ಲೇ ಹಾಕು. ಕೋರ್ಟಿಗೆ ಕೋಲೂರ್ಕೊಂಡು ಹೋಗ್ತೀನಿ. ರಾಯದುರ್ಗಕ್ಕೆ ಎರಡು ಬಸ್ಸು ಹತ್ತಬೇಕು. ಬಸ್ಸಿನ ಮೊದಲನೇ ಮೆಟ್ಲು ಮಾಡಿದೋನು ಹೆಂಗಸರನ್ನ ನೋಡೇ ಇಲ್ಲ."

ತಮಾಷೆಯಾಗಿ ಹೇಳಿದೆನಾದರೂ ಮಾತು ನಿಜವೇ. ಕೇಸು ಆಂಧ್ರಕ್ಕೆ ಹೋದರೆ ನಾನು ಅದನ್ನು ಬಿಟ್ಟ ಹಾಗೆ. ಬಿಟ್ಟರೆ ಮಗ್ಗವೂ ಹೋಯಿತು. ಮಗ್ಗ ಹೋದರೆ ನಾನು ಯಾರದೋ ಅಡುಗೆ ಮನೆಯ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವ ಮುದುಕಿ. ಬೆಳ್ಳುಳ್ಳಿಯ ಮೇಲೆ ನನಗೆ ಸಿಟ್ಟಿಲ್ಲ, ಸುಲಿಸುವವರ ಮೇಲಿದೆ.

ಚಳ್ಳಕೆರೆಯ ಕೋರ್ಟಿನಲ್ಲೇ ಅರ್ಜಿ ಬಿತ್ತು. ಮೊದಲ ದಿನವೇ ವಿಮೆಯ ವಕೀಲ ಎದ್ದು ನಿಂತು ಆಂಧ್ರದ ಪೊಲೀಸರ ಕಾಗದವನ್ನೂ ನನ್ನ ತೆಲುಗು ಕಾರ್ಡಿನ ನಕಲನ್ನೂ ಕೊಟ್ಟ. ಈ ಮುದುಕಿ ಆಂಧ್ರದ ನಿವಾಸಿ, ಈ ಕೋರ್ಟಿಗೆ ಈ ಕೇಸು ಕೇಳುವ ಅಧಿಕಾರವೇ ಇಲ್ಲ ಎಂದ. ತಿಪ್ಪೇಸ್ವಾಮಿ ಚಳ್ಳಕೆರೆಯ ಕಾರ್ಡು ಕೊಟ್ಟ. ಎರಡು ಕಾರ್ಡು ಇಟ್ಟುಕೊಂಡವಳ ಯಾವ ಕಾರ್ಡನ್ನು ನಂಬುವುದು ಎಂದ ವಿಮೆಯವನು. ಮನೆಯ ಕಂದಾಯದ ಚೀಟಿ ಇನ್ನೂ ಮಾವನ ಹೆಸರಿನಲ್ಲಿತ್ತು. ಮಾವ ಸತ್ತು ಎಷ್ಟೋ ವರ್ಷವಾಗಿತ್ತು. ಕಾಗದದ ಲೆಕ್ಕದಲ್ಲಿ ಚಳ್ಳಕೆರೆಯಲ್ಲಿ ವಾಸವಾಗಿದ್ದದ್ದು ಸತ್ತ ಮಾವ, ನಾನಲ್ಲ.

ಹೊರಗೆ ಬೇವಿನ ಮರದ ಕೆಳಗೆ ತಿಪ್ಪೇಸ್ವಾಮಿ ತಲೆ ಕೆರೆದುಕೊಂಡ. "ಅಜ್ಜಿ, ಆ ಕಾರ್ಡು ನನಗೆ ಗೊತ್ತೇ ಇಲ್ಲ, ತಂಗಿ ಮಾಡಿಸಿರಬೇಕು ಅಂದ್ಬಿಡು."

"ಅಂದ್ರೆ ತಂಗಿಯನ್ನ ಜೈಲಿಗೆ ಹಾಕಿಸು ಅಂತೀಯ. ಅವಳು ಮೂರು ತಿಂಗಳು ನನ್ನ ಉಚ್ಚೆ ಬಳಿದವಳು."

"ಮತ್ತೇನು ಹೇಳ್ತೀಯ?"

"ಇದ್ದದ್ದು."

ಅವನು ಕೋಟು ಬಿಚ್ಚಿ ಗಾಳಿ ಹಾಕಿಕೊಂಡ. "ನೀನು ಇಲ್ಲೇ ಇರ್ತೀಯ ಅಂತ ಹೇಳೋ ಹಳೇ ಕಾಗದ ಯಾರತ್ರನಾದ್ರೂ ಐತಾ? ಕಾಲು ಮುರಿಯೋಕಿಂತ ಮುಂಚಿಂದು?"

ಯೋಚಿಸಿದೆ. ನನ್ನ ವಿಷಯ ಬರೆದಿಡುವಷ್ಟು ಪ್ರೀತಿ ಇದ್ದವರು ಯಾರೂ ಇರಲಿಲ್ಲ. ಪ್ರೀತಿ ಇಲ್ಲದವರು ಒಬ್ಬರಿದ್ದರು.

ಬೋರಕ್ಕ ನನ್ನ ಗಂಜಿ ನೀರಿನ ಮೇಲೆ ಮೋರಿ ನೋಡಿಕೊಳ್ಳುವ ಕಚೇರಿಗೆ ವರ್ಷಕ್ಕೊಂದು ದೂರು ಕೊಡುತ್ತಿದ್ದಳು. ಶಾಲೆಯ ಮೇಷ್ಟರಿಂದ ಬರೆಸಿ, ಮುಟ್ಟಿತೆಂದು ಸೀಲು ಹಾಕಿಸಿಕೊಂಡು ಬರುತ್ತಿದ್ದಳು. ಬಂದು ನೋಡಿದವರು ಇಳಿಜಾರಿಗೆ ಏನು ಮಾಡೋಣವೆಂದು ಹೋಗುತ್ತಿದ್ದರು. ನಕಲುಗಳನ್ನೆಲ್ಲ ಅವಳು ದೇವರ ಪೆಟ್ಟಿಗೆಯಲ್ಲಿ ಅರಿಶಿನದ ಜೊತೆ ಇಟ್ಟಿದ್ದಳು.

ನಾನು ಕೇಳಿದರೆ ಬರುತ್ತಿದ್ದಳೇ? ತಿಪ್ಪೇಸ್ವಾಮಿಯನ್ನು ಕಳಿಸಿದೆ. ಅವನು ಹುಷಾರು. ನನ್ನ ಹೆಸರು ಎತ್ತದೆ, "ಗಂಜಿ ನೀರಿನ ವಿಷಯ ಜಡ್ಜಮ್ಮನ ಮುಂದೆ ಹೇಳ್ತೀರಾ?" ಎಂದಷ್ಟೇ ಕೇಳಿದನಂತೆ. ಅವಳು ಮದುವೆಗೆ ಉಡುವ ಸೀರೆ ಉಟ್ಟು ಬಂದಳು.

ಮೊದಲು ನನ್ನ ಸರದಿ. ವಿಮೆಯ ವಕೀಲ ಕಾರ್ಡು ತೋರಿಸಿ, "ಇದು ನಿಮ್ಮದೇ?" ಅಂದ. ತಿಪ್ಪೇಸ್ವಾಮಿ ಕಣ್ಣು ಮುಚ್ಚಿಕೊಂಡ.

"ನಂದೇ."

"ಇಲ್ಲಿನ ಕಾರ್ಡೂ ನಿಮ್ಮದೇ?"

"ಅದೂ ನಂದೇ."

ಮೇಲೆ ಕೂತಿದ್ದ ಜಡ್ಜಮ್ಮ ಕನ್ನಡಕ ಸರಿಮಾಡಿಕೊಂಡರು. "ಅಂದರೆ ಎರಡೂ ಕಡೆ ಅಕ್ಕಿ ತಿಂದಿದ್ದೀರಾ?"

"ಎರಡೂ ಕಡೆ ತಿಂದೀನಿ ತಾಯಿ. ನೇಯ್ದಿದ್ದು ಮಲಗಿದ್ದು ಮಾತ್ರ ಇಲ್ಲೇ. ಆ ಮೂರು ತಿಂಗಳು ಅಲ್ಲಿ ಮಲಗಿದ್ದೆ, ಅದು ನಾನಲ್ಲ ಮಲಗಿದ್ದು, ಲಾರಿ ಮಲಗಿಸಿದ್ದು."

ಬರೆದುಕೊಳ್ಳುತ್ತಿದ್ದವನು ಬರೆಯುವುದನ್ನು ನಿಲ್ಲಿಸಿದ. ಜಡ್ಜಮ್ಮ ಬರೆದುಕೊ ಎಂದರು.

ಆಮೇಲೆ ಬೋರಕ್ಕ ಕಟಕಟೆ ಹತ್ತಿದಳು. ದೂರಿನ ಕಟ್ಟು ಬಿಚ್ಚಿ ಒಂದೊಂದೇ ಹಾಳೆ ಕೊಟ್ಟಳು. ಪ್ರತಿಯೊಂದರಲ್ಲೂ ಎದುರು ಮನೆಯಲ್ಲಿ ವಾಸವಿರುವ ಇಂಥವಳು ಎಂದು ನನ್ನ ಹೆಸರು, ಗಂಡನ ಹೆಸರು, ಕಂಬಳಿ ಕಸುಬು, ಕೆಳಗೆ ಸೀಲು. ವಿಮೆಯ ವಕೀಲ ಎದ್ದ.

"ನೀವು ಇವರ ಗೆಳತಿ. ಗೆಳತಿಗೆ ಸಹಾಯ ಮಾಡೋಕೆ ಸುಳ್ಳು ಹೇಳ್ತಿದ್ದೀರಿ ಅಂತೀನಿ ನಾನು."

ಬೋರಕ್ಕ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಯಾರಿಗೆ ಯಾರ್ರೀ ಗೆಳತಿ? ಇವಳ ಕಾಲು ಮುರೀತು ಅಂತ ಕೇಳಿದ ದಿನ ನಾನು ಮಾರಮ್ಮಂಗೆ ಕಾಯಿ ಒಡೆಸೀನಿ. ಮೂರು ತಿಂಗಳು ನನ್ನ ಬಾಗಿಲು ಒಣಗಿತ್ತು. ಅದು ಬಿಟ್ರೆ ಈ ಹೆಂಗಸು ಅಕ್ಕಿ ತರಕಂತ ಹೋದ್ರೂ ಸಂಜೆಗೆ ವಾಪಸ್ಸು ಬಂದೇ ಬರ್ತಾಳೆ. ಇವಳು ಆಂಧ್ರದೋಳಾಗಿದ್ರೆ ನನ್ನಷ್ಟು ಸುಖ ಪಡೋಳು ಯಾರಿದ್ರು? ಕರ್ಕೊಂಡು ಹೋಗಂಗಿದ್ರೆ ಈಗ್ಲೇ ಕರ್ಕೊಂಡು ಹೋಗ್ರಿ."

ಜಡ್ಜಮ್ಮ ಕಾಗದವೊಂದನ್ನು ಮುಖಕ್ಕೆ ಅಡ್ಡ ಹಿಡಿದು ಬಹಳ ಹೊತ್ತು ಓದಿದರು. ಅಷ್ಟು ಹೊತ್ತು ಓದುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಮುಂದಿನ ತಾರೀಖಿಗೆ ಆದೇಶ ಬಂತು. ಗುದ್ದಿದ್ದು ಆಂಧ್ರದಲ್ಲೇ ಆಗಿರಲಿ, ಲಾರಿಯೂ ಅಲ್ಲಿಯದೇ ಆಗಿರಲಿ, ಅರ್ಜಿದಾರಳು ವಾಸ ಮಾಡುವುದೂ ಕಸುಬು ಮಾಡುವುದೂ ಇಲ್ಲಿ, ಆದ್ದರಿಂದ ಕೇಸನ್ನು ಇಲ್ಲೇ ಕೇಳಬಹುದು ಎಂದರು. ಎರಡು ಕಾರ್ಡಿನಲ್ಲಿ ಒಂದನ್ನು ಒಪ್ಪಿಸಿಬಿಡಿ ಅಂತಲೂ ಹೇಳಿದರು. ಆಂಧ್ರದ್ದನ್ನು ಒಪ್ಪಿಸಿದೆ. ತಿಮ್ಮಕ್ಕ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಳು. ನನಗೆ ಓದು ಬರುತ್ತಿರಲಿಲ್ಲ. ಕಾಲು ಮುರಿದು ಮಲಗಿದ್ದಾಗ ತಂಗಿಯ ಮೊಮ್ಮಗಳ ಸ್ಲೇಟಿನಲ್ಲಿ ನಾಲ್ಕು ತೆಲುಗು ಅಕ್ಷರ ತಿದ್ದಿದ್ದೆ, ಕನ್ನಡದ್ದೂ ಹೆಚ್ಚುಕಡಿಮೆ ಅದೇ ಥರ. ಆ ಆದೇಶದ ಹಾಳೆಯಲ್ಲಿ ನಾನೇ ಕೂಡಿಸಿಕೊಂಡು ಓದಿದ ಮೊದಲನೆಯ ಮಾತು 'ಚಳ್ಳಕೆರೆ ವಾಸಿ' ಎಂದು. ಓದಲು ಅರ್ಧ ಗಂಟೆ ಹಿಡಿಯಿತು.

ಪರಿಹಾರ ಬಂತು. ಬಡಗಿಯನ್ನು ಕರೆಸಿ ಎರಡು ಹಲಗೆಯನ್ನೂ ಎಡಗಾಲಿಗೇ ಸಿಗುವಂತೆ ಕಟ್ಟಿಸಿದೆ. ಮೊದಲಿನಷ್ಟು ಬೇಗ ಆಗುವುದಿಲ್ಲ, ಆದರೂ ಕಂಬಳಿ ಆಗುತ್ತದೆ. ಮಗ್ಗ ನಡೆಯಿತು, ಗಂಜಿ ಕುದಿಯಿತು, ನೀರು ಇಳಿಜಾರಿಗೆ ಹರಿಯಿತು, ಬೋರಕ್ಕ ಬೈದಳು. ಕೋರ್ಟಿನಲ್ಲಿ ಹೇಳಿದ್ದಕ್ಕೆ ನಾನು ಥ್ಯಾಂಕ್ಸ್ ಹೇಳಲಿಲ್ಲ. ಅವಳು ಹೇಳಿದ್ದು ನನಗೋಸ್ಕರ ಅಲ್ಲ, ನಾನು ಥ್ಯಾಂಕ್ಸ್ ಅಂದರೆ ಅವಳಿಗೇ ಅವಮಾನ.

ಇವತ್ತು ಕೋಲು ಸಿಕ್ಕಿತು. ಓಣಿ ದಾಟಿ ಅವಳ ಕಿಟಕಿಯ ಹತ್ತಿರ ನಿಂತೆ.

"ಏನೇ, ಸತ್ತ್ಯೇನೇ?"

ಒಳಗಿನಿಂದ ಕೆಮ್ಮು. ಗಂಟಲು ಪೂರ್ತಿ ಕಟ್ಟಿತ್ತು. "ಜ್ವರ ಕಣೆ. ಬಾಯಿ ಬರ್ತಿಲ್ಲ. ನಾಳೆ ಬೈತೀನಿ, ಹೋಗು."

ಮೆಣಸಿನ ಕಷಾಯ ಕಾಸಿ ತಂದು ಕಿಟಕಿಯಲ್ಲಿಟ್ಟೆ. ಆಮೇಲೆ ಪೊರಕೆ ತಗೊಂಡು, ಇಷ್ಟು ವರ್ಷದಲ್ಲಿ ಮೊದಲ ಸಲ, ಅವಳ ಬಾಗಿಲಲ್ಲಿ ನಿಂತಿದ್ದ ಗಂಜಿ ನೀರನ್ನು ನನ್ನ ಬಾಗಿಲ ಕಡೆಗೆ ತಳ್ಳಿದೆ. ಇಳಿಜಾರಿಗೆ ಎದುರಾಗಿ ನೀರು ತಳ್ಳುವುದು ಎಷ್ಟು ಕಷ್ಟವೆಂದು ಗೊತ್ತಾಯಿತು. ತಳ್ಳಿದ ಅರ್ಧ ತಿರುಗಿ ಬಂತು. ಅದನ್ನೂ ತಳ್ಳಿದೆ.

ಕಷಾಯದ ಲೋಟ ಇಟ್ಟ ಸದ್ದಾಯಿತು. ಅದರ ಹಿಂದೆಯೇ ಹರಿದ ತಮಟೆಯಂಥ ದನಿಯಲ್ಲಿ, "ಇನ್ನೂ ನಾರ್ತೈತೆ ಕಣೇ, ಮನೆಹಾಳಿ. ಸರಿಯಾಗಿ ಬಳಿ."

ಪೊರಕೆಯ ಮೇಲೆ ಭಾರ ಬಿಟ್ಟು ಸ್ವಲ್ಪ ಹೊತ್ತು ನಿಂತೆ. ನನ್ನ ವಿಳಾಸ ಇನ್ನೂ ಉಸಿರಾಡುತ್ತಿತ್ತು. ಮತ್ತೆ ಬಳಿಯತೊಡಗಿದೆ.