ಬಾಲ ಬರುವ ತನಕ

ಮಳೆಗಾಲ ಮುಗಿಯಿತೆಂದು ನಂಬಿ ನಿನ್ನೆ ಹೆಲ್ಮೆಟ್ಟನ್ನು ಅಂಗಳದ ಬಿಸಿಲಿಗೆ ಇಟ್ಟಿದ್ದೆ. ಸಂಜೆ ಒಳಗೆ ತರುವಾಗ ಮೂಗಿಗೆ ಬಡಿದ ವಾಸನೆಯನ್ನು ನಿಮಗೆ ಹೇಗೆ ವಿವರಿಸಲಿ? ತೆಂಗಿನೆಣ್ಣೆ, ಬೆವರು, ಹಳೆಯ ಸ್ಪಂಜು, ಮೇಲಿಂದ ಒಂದಿಷ್ಟು ಬಸ್ಸಿನ ಹೊಗೆ. ಮನೆಯವರು ಮೂಗು ಮುಚ್ಚಿಕೊಂಡು, "ಅದನ್ನು ಇನ್ನೂ ಇಟ್ಟುಕೊಂಡಿದ್ದೀಯಲ್ಲ" ಎಂದರು. ನಾನು ಮಾತ್ರ ಇನ್ನೊಮ್ಮೆ ಮೂಸಿದೆ. ಪುಂಜಾಲಕಟ್ಟೆಯ ಆಚೆಗಿನ ಒಂದು ಕವಲುದಾರಿ, ಅಲ್ಲಿ ಬಿಸಿಲಿನಲ್ಲಿ ಅರ್ಧ ದಿನ ನಾನು ಕಂಬವಾಗಿ ನಿಂತದ್ದು, ಎಲ್ಲ ಕಣ್ಣ ಮುಂದೆ ಬಂತು. ಕಂಬವಾಗಿ ಎಂದದ್ದು ಮಾತಿನ ಚಂದಕ್ಕಲ್ಲ. ನಮ್ಮ ಬಳಗದಲ್ಲಿ ಅದೊಂದು ಹುದ್ದೆ.

ಬಳಗ ಎಂದರೆ ಬಂಟ್ವಾಳದ ನಮ್ಮ ಮೋಟಾರ್‌ಸೈಕಲ್ ಬಳಗ. ಹೆಸರು 'ಚಂಡಮಾರುತ'. ಹೆಸರಿಡುವಾಗ ಸದಸ್ಯರ ಪ್ರಾಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾವು ಸಾಲಾಗಿ ಹೋಗುವಾಗ ಕೋಳಿ ಸಾಗಿಸುವ ಟೆಂಪೋಗಳೂ ನಮ್ಮನ್ನು ಹಿಂದಿಕ್ಕುತ್ತವೆ, ಒಳಗಿನ ಕೋಳಿಗಳು ನಮ್ಮನ್ನು ಕನಿಕರದಿಂದ ನೋಡುತ್ತವೆ. ಗಣಿತದ ಟೀಚರಾಗಿದ್ದ ನಾನು ಐವತ್ತು ದಾಟಿದ ಮೇಲೆ ಬೈಕು ಕಲಿತವಳು. ಮೊದಲ ವಾರ ಶಾಲೆಯ ಮೈದಾನದಲ್ಲಿ ಸುತ್ತು ಹೊಡೆಯುವಾಗ ನಾನು ಬ್ರೇಕು ಹುಡುಕುತ್ತಿದ್ದೆ, ಮಕ್ಕಳು ದೇವರನ್ನು ನೆನೆಯುತ್ತಿದ್ದರು. ಇರಲಿ.

ನಮ್ಮ ಮುಂದಾಳು ಸದಾನಂದ ಶೆಟ್ರು, ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಸವಾರಿಯ ಕ್ರಮ ಅವರೇ ಮಾಡಿದ್ದು. ಎಲ್ಲರಿಗಿಂತ ಮುಂದೆ ಶೆಟ್ರು, ಎಲ್ಲರಿಗಿಂತ ಹಿಂದೆ ಒಬ್ಬರು 'ಬಾಲ'. ದಾರಿ ಕವಲೊಡೆದಲ್ಲೆಲ್ಲ ಶೆಟ್ರ ಬೆನ್ನಿಗಿರುವವರು ಇಳಿದು, ಹೋಗಬೇಕಾದ ದಿಕ್ಕಿಗೆ ಕೈ ನೀಡಿ ಕಂಬವಾಗಿ ನಿಲ್ಲಬೇಕು. ಉಳಿದವರೆಲ್ಲ ಆ ಕೈ ನೋಡಿ ತಿರುಗುತ್ತಾರೆ. ಕಡೆಗೆ ಬಾಲ ಬಂದಾಗ ಕಂಬಕ್ಕೆ ಬಿಡುಗಡೆ. ಹಿಂದೊಮ್ಮೆ ಧರ್ಮಸ್ಥಳದ ಕಡೆ ಹೋದಾಗ ಒಬ್ಬರನ್ನು ದಾರಿಯಲ್ಲೇ ಮರೆತು ಬಂದು ಅವರ ಹೆಂಡತಿಯಿಂದ ಬೈಸಿಕೊಂಡ ಮೇಲೆ ಶೆಟ್ರು ನಿಯಮವನ್ನು ಬಿಗಿ ಮಾಡಿದ್ದರು: "ಬಾಲ ಹಿಂದಿನಿಂದ ಬರುವ ತನಕ ಕಂಬ ಅಲ್ಲಾಡ್ಲಿಕ್ಕಿಲ್ಲ. ನಾನೇ ಬಂದು ಕರೆದ್ರೂ ಬರ್ಲಿಕ್ಕಿಲ್ಲ." ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಎಲ್ಲರ ಹಿಂದಿರುವ ಬಾಲವೇ ಹಿಂದೆ ಉಳಿದರೆ ನೋಡುವವರು ಯಾರು ಎಂದು, ಲೆಕ್ಕ ಕಲಿಸಿದ ನನಗೂ ಹೊಳೆಯಲಿಲ್ಲ.

ಬಾಲ ನಮ್ಮ ಹಮೀದಾಕ. ಬಂಟ್ವಾಳ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದವರು, ಎಪ್ಪತ್ತರ ಗಡಿ ದಾಟಿದವರು. ಅವರ ಹಳೆಯ ಬುಲೆಟ್ಟು ಬರುವುದು ಕಾಣುವುದಕ್ಕೆ ತುಂಬ ಮೊದಲೇ ಕೇಳುತ್ತದೆ. ಬೇರೆ ಯಾರೂ ತಮ್ಮ ಹಿಂದೆ ಉಳಿಯದಷ್ಟು ನಿಧಾನವಾಗಿ ಹೋಗಬಲ್ಲವರಾದ್ದರಿಂದ ಬಾಲದ ಹುದ್ದೆ ತಾನಾಗಿ ಅವರಿಗೆ ಬಂದಿತ್ತು. ಅವರಿಗೆ ಅದರ ಹೆಮ್ಮೆ ಎಷ್ಟೆಂದರೆ, ಪೇಟೆಯಲ್ಲಿ ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ಆರೋಗ್ಯದ ಸುದ್ದಿಗಿಂತ ಮೊದಲು ಬಾಲದ ಸುದ್ದಿ ಹೇಳುತ್ತಿದ್ದರು.

ಆ ವರ್ಷ ಅವರ ಮಗ ಇರ್ಫಾನ್ ದುಬೈಯಿಂದ ರಜೆಗೆ ಬಂದಿದ್ದ. ನನ್ನದೇ ವಿದ್ಯಾರ್ಥಿ. ಹುಡುಗ ಒಳ್ಳೆಯವನು, ಭಾಗಾಕಾರ ಮಾತ್ರ ಸ್ವಲ್ಪ ಕಷ್ಟ. ಸವಾರಿಯ ಬೆಳಿಗ್ಗೆ ಬಿ.ಸಿ. ರೋಡಿನಲ್ಲಿ ನಮ್ಮೆಲ್ಲರ ಎದುರೇ ಅವನು ಮಾತು ಎತ್ತಿದ.

"ಟೀಚರ್, ನೀವೇ ಸಾಕ್ಷಿ. ಬಾಪನ ಬೈಕಿಗೆ ಗಿರಾಕಿ ಉಂಟು, ನಾಳೆ ಬರ್ತಾರೆ. ಬಾಪ ಇವತ್ತು ಎಲ್ಲರ ಜೊತೆ ಹೋಗಿ ಎಲ್ಲರ ಜೊತೆ ಬಂದ್ರೆ ನಾನು ಇನ್ನು ಮಾತಾಡುವುದಿಲ್ಲ. ಎಲ್ಲಿಯಾದ್ರೂ ಎಡವಟ್ಟಾದ್ರೆ ಕೊಡುವುದೇ. ದುಬೈಯಲ್ಲಿ ಕೂತು ದಿನಾ ಹೆದರ್ಲಿಕ್ಕೆ ನನ್ನಿಂದ ಆಗುವುದಿಲ್ಲ."

"ಆಯ್ತು ಮೋನೆ, ನೀನು ಹೇಳಿದ ಹಾಗೆ," ಎಂದರು ಹಮೀದಾಕ. ಎಂದವರೇ ತಮ್ಮ ಮೊಬೈಲನ್ನು ಮಗನ ಕೈಗೆ ಕೊಟ್ಟರು. "ಇದು ನಿನ್ನ ಹತ್ತಿರ ಇರ್ಲಿ. ಇಲ್ಲದಿದ್ರೆ ನೀನು ಗಳಿಗೆಗೊಮ್ಮೆ ಫೋನ್ ಮಾಡ್ತಿ, ಅದನ್ನು ತೆಗೀಲಿಕ್ಕೆ ಹೋಗಿಯೇ ನಾನು ಬೀಳ್ತೇನೆ."

ಪುಂಜಾಲಕಟ್ಟೆ, ಗುರುವಾಯನಕೆರೆ, ವೇಣೂರು, ಮೂಡುಬಿದಿರೆ ದಾಟಿ ಪುತ್ತಿಗೆಯಲ್ಲಿ ಊಟ ಎಂದು ನಿಗದಿಯಾಗಿತ್ತು. ಪುಂಜಾಲಕಟ್ಟೆ ಕಳೆದು ಒಳರಸ್ತೆಗೆ ತಿರುಗುವಲ್ಲಿ ಶೆಟ್ರ ಬೆನ್ನಿಗೆ ನಾನಿದ್ದೆ. ಇಳಿದೆ. ಕಿತ್ತಳೆ ಬಣ್ಣದ ಜಾಕೆಟ್ಟಿನ ಕೈಯನ್ನು ಎಡಕ್ಕೆ ನೀಡಿ ನಿಂತೆ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿ ಹೋದರು. ಹಮೀದಾಕ ಬರಲಿಲ್ಲ. ಬರುತ್ತಾರೆ, ಅವರು ಯಾವಾಗಲೂ ತಡ ಎಂದುಕೊಂಡೆ.

ಕಿತ್ತಳೆ ಜಾಕೆಟ್ ಹಾಕಿದ ಹೆಂಗಸೊಬ್ಬಳು ಮೂರು ರಸ್ತೆ ಕೂಡುವಲ್ಲಿ ಕೈ ನೀಡಿ ನಿಂತರೆ ಊರಿನಲ್ಲಿ ಏನೇನು ಆಗುತ್ತದೆಂದು ನನಗೆ ಅಂದು ತಿಳಿಯಿತು. ಮೊದಲು ಸ್ಕೂಟರಿನವರು ಕನ್ನಡಿಗೆ ಸಿಕ್ಕಿಸಿದ್ದ ಹೆಲ್ಮೆಟ್ಟನ್ನು ಗಡಿಬಿಡಿಯಲ್ಲಿ ತಲೆಗೆ ಹಾಕಿಕೊಂಡರು. ನನ್ನನ್ನು ದಾಟಿದವರು ಎದುರಿನಿಂದ ಬರುವವರಿಗೆ ಲೈಟು ಮಿನುಗಿಸಿ ಎಚ್ಚರಿಸತೊಡಗಿದರು. ಮೂವರನ್ನು ಕೂರಿಸಿಕೊಂಡು ಬಂದ ಬೈಕೊಂದು ದೂರದಲ್ಲೇ ನಿಂತು ಇಬ್ಬರನ್ನು ಇಳಿಸಿತು. ಇಳಿದವರು ನನ್ನೆದುರು ಪರಿಚಯವೇ ಇಲ್ಲದವರಂತೆ ನಡೆದು ಹೋಗಿ ಮುಂದೆ ಅದನ್ನೇ ಹತ್ತಿದರು. ಆಮೇಲೆ ಅಹವಾಲುಗಳು ಶುರುವಾದವು. ಒಬ್ಬರು ಬೀದಿದೀಪ ಉರಿಯುವುದಿಲ್ಲ ಎಂದರು. ಇನ್ನೊಬ್ಬರು ನೆರೆಮನೆಯವರು ಬೇಲಿಯನ್ನು ಎಷ್ಟು ಮುಂದೆ ತಂದಿದ್ದಾರೆಂದು ಬಗ್ಗಿ ಕೈಯಲ್ಲೇ ಅಳೆದು ತೋರಿಸಿದರು. ನಾನು ಇಲಾಖೆಯವಳಲ್ಲ ಎಂದಷ್ಟೂ ಅವರಿಗೆ ನಂಬಿಕೆ ಹೆಚ್ಚಿತು. ಕಡೆಗೆ ಎಲ್ಲರಿಗೂ "ನೋಡುವ" ಎಂದೆ. ಅವರು ಸಮಾಧಾನದಿಂದ ಹೋದರು.

ತಿರುವಿನಲ್ಲಿ ಗೂಡಂಗಡಿ ಇಟ್ಟಿದ್ದ ಗಿರಿಜಕ್ಕ ಮಾತ್ರ ಸೊಂಟಕ್ಕೆ ಕೈ ಕೊಟ್ಟು ಬಂದರು. "ಎಂತ ಅಕ್ಕ ಇದು? ನಿಮ್ಮನ್ನು ಕಂಡು ಒಬ್ಬನೂ ಅಂಗಡಿಗೆ ಬರುವುದಿಲ್ಲ. ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ."

ವಿಷಯ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅವರು ಬಾರದಿದ್ರೆ?" ಎಂದರು.

"ಬರುವ ತನಕ ನಿಲ್ಲುವುದು."

"ನಿಮ್ಮ ಮನೆಯಲ್ಲಿ ಯಾರೂ ಇಲ್ವಾ?" ಎಂದು ಕೇಳಿ ಒಂದು ಎಳನೀರ ಬೊಂಡ ಕೆತ್ತಿ ಕೊಟ್ಟರು.

ಬೊಂಡ ಮುಗಿಯಿತು, ಬಿಸಿಲು ನೆತ್ತಿಗೆ ಬಂತು. ಆಗ ನನಗೆ ಭಯ ಶುರುವಾಯಿತು. ಎಲ್ಲಿಯಾದರೂ ಚರಂಡಿಗೆ ಬಿದ್ದಿದ್ದಾರಾ? ಹುಡುಕಿಕೊಂಡು ಹೋಗೋಣವೆಂದರೆ, ಅಷ್ಟರಲ್ಲಿ ಅವರು ಬಂದು ಕಂಬ ಕಾಣದೆ ದಾರಿ ತಪ್ಪಿದರೆ? ಶೆಟ್ರಿಗೆ ಫೋನ್ ಹೋಗಲಿಲ್ಲ, ಆ ಕಡೆ ನೆಟ್‌ವರ್ಕ್ ಇಲ್ಲ. ಗುರುವಾಯನಕೆರೆಯಲ್ಲಿ ಕಂಬವಾಗಿದ್ದ ಪಿಂಟೋ ಮಾಸ್ಟ್ರು ಫೋನಿಗೆ ಸಿಕ್ಕಿದರು. ನಿವೃತ್ತ ಡ್ರಿಲ್ ಮಾಸ್ಟ್ರು, ಬಸ್ಸುಗಳ ನಡುವೆ ಎದೆ ಸೆಟೆಸಿ ನಿಂತಿದ್ದರು.

"ಟೀಚರ್, ಇಲ್ಲಿ ಒಂದು ಮದುವೆ ದಿಬ್ಬಣದ ವ್ಯಾನು ಬಂದು ಹಾಲ್ ಯಾವ ಕಡೆ ಅಂತ ಕೇಳಿತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ನೋಡಿ ವೇಣೂರಿಗೆ ಹೋಯ್ತು. ನಾನು ಕೂಗಿದೆ, ಆದ್ರೆ ಕೈ ಇಳಿಸ್ಲಿಲ್ಲ." ಅಷ್ಟು ಹೇಳುವಷ್ಟರಲ್ಲಿ ಅವರ ಫೋನಿನ ಚಾರ್ಜು ಮುಗಿಯಿತು. ಆ ದಿಬ್ಬಣದವರು ಬೇರೆ ಯಾರದೋ ಮದುವೆಯಲ್ಲಿ ಪಾಯಸದವರೆಗೆ ಉಂಡ ಮೇಲೆ ವರನನ್ನು ಸರಿಯಾಗಿ ನೋಡಿದರೆಂದು ಆಮೇಲೆ ಸುದ್ದಿ ಬಂತು.

ಹಮೀದಾಕನ ಮನೆಗೆ ಒಂದು ಕರೆ ಮಾಡಬಹುದಿತ್ತು. ಮಾಡಿದರೆ ಬುಲೆಟ್ಟು ಹೋಯಿತೆಂದೇ ಅರ್ಥ. ನಾನು ಫೋನನ್ನು ಕಿಸೆಗೆ ಹಾಕಿದ್ದೇ ತಡ, ಇರ್ಫಾನನೇ ಕರೆ ಮಾಡಿದ.

"ಟೀಚರ್, ಬಾಪ ಎಲ್ಲಿ?"

"ಹಿಂದಿನಿಂದ ಬರ್ತಾ ಇದ್ದಾರೆ," ಎಂದೆ. ನಿಯಮದ ಪ್ರಕಾರ ಅದು ಸರಿಯಾದ ಉತ್ತರ.

ಸ್ವಲ್ಪ ಹೊತ್ತಿಗೆ ಬಂಟ್ವಾಳದ ಕಡೆಯಿಂದ ಕಾರೊಂದು ಬಂದು ನನ್ನೆದುರು ನಿಂತಿತು. ಇರ್ಫಾನ್ ಇಳಿದ. ಮುಖದಲ್ಲಿ ರಕ್ತವೇ ಇರಲಿಲ್ಲ. "ಟೀಚರ್, ನಾನು ಬಂದದ್ದೇ ಹಿಂದಿನಿಂದ. ಹಿಂದೆ ಬಾಪ ಇಲ್ಲ."

ಗಿರಿಜಕ್ಕನೂ ಅಂಗಡಿಯಿಂದ ಇಳಿದು ಬಂದು ನನ್ನ ಪಕ್ಕ ನಿಂತರು. ಆಗ ಆ ಸದ್ದು ಕೇಳಿತು, ಪರಿಚಯದ ಅದೇ ಗುಡುಗುಡು. ಆದರೆ ಅದು ಬರುತ್ತಿದ್ದದ್ದು ಹಿಂದಿನಿಂದಲ್ಲ, ಎದುರಿನಿಂದ. ನಾನು ಕೈ ನೀಡಿದ್ದ ದಿಕ್ಕಿನಿಂದಲೇ ಹಮೀದಾಕ ಬಂದರು, ನಿಲ್ಲಿಸಲಿಲ್ಲ, ಎಡಗೈ ಎತ್ತಿ, "ಟೀಚರ್, ಹಿಂದಿನಿಂದ ಬರ್ತೇನೆ!" ಎಂದು ಕೂಗಿ ನಮ್ಮನ್ನು ದಾಟಿ ಬಂಟ್ವಾಳದ ಕಡೆ ಹೋಗಿಯೇ ಬಿಟ್ಟರು. ತಿರುವಿನ ಆಚೆ ಸದ್ದು ಒಂದು ಸುತ್ತು ಹೊಡೆಯಿತು. ಮತ್ತೆ ಪ್ರತ್ಯಕ್ಷರಾದರು, ಈ ಸಲ ಸರಿಯಾದ ಕಡೆಯಿಂದ, ಸರಿಯಾದ ಗಾಂಭೀರ್ಯದಿಂದ.

"ಬಾಲ ಬಂತು ಟೀಚರ್. ಹೊರಡಿ," ಎಂದರು. ಆಮೇಲೆ ಮಗನನ್ನು ಕಂಡರು.

ಬಂಟ್ವಾಳ ಬಿಡುವ ಮೊದಲೇ ಅವರ ಟಯರಿಗೆ ಮೊಳೆ ಹೊಕ್ಕಿತ್ತಂತೆ. ಪಂಕ್ಚರು ಹಾಕಿಸುವಷ್ಟರಲ್ಲಿ ನಾವು ಕಣ್ಮರೆ. ತಮ್ಮಿಂದ ಎಲ್ಲರೂ ಕಾಯುವುದು ಬೇಡವೆಂದು ಸಿದ್ಧಕಟ್ಟೆಯ ನೇರ ದಾರಿಯಲ್ಲಿ ಮೂಡುಬಿದಿರೆಗೆ ಹೊಡೆದಿದ್ದರು. ಪುತ್ತಿಗೆಗೆ ಮುಟ್ಟಿದವರಲ್ಲಿ ಇವರೇ ಮೊದಲಿಗರು. ಬಹಳ ಹೊತ್ತಾದ ಮೇಲೆ ಶೆಟ್ರು ಬಂದರು, ಒಬ್ಬರೇ. ಪ್ರತಿ ಕವಲಿನಲ್ಲಿ ಒಬ್ಬೊಬ್ಬರನ್ನು ನೆಟ್ಟು ಬಂದು, ಕಡೆಗೆ ಹಿಂದೆ ತಿರುಗಿ ನೋಡಿದರೆ ಚಂಡಮಾರುತದಲ್ಲಿ ಅವರೊಬ್ಬರೇ ಉಳಿದಿದ್ದರು. ಕರೆಯಲು ತಾವೇ ಹೋಗುವಂತಿಲ್ಲ, ನಿಯಮ ಅವರದ್ದೇ. ಹಾಗಾಗಿ ಮೊದಲ ಕಂಬದಿಂದ ಶುರು ಮಾಡಿ ಎಲ್ಲರನ್ನೂ ಬಿಡಿಸಲು ಹಮೀದಾಕ ಇಡೀ ದಾರಿ ಹಿಂದಕ್ಕೆ ಬಂದಿದ್ದರು.

"ಪಿಂಟೋ ಮಾಸ್ಟ್ರು ನನ್ನನ್ನು ಕಂಡ್ರೂ ಅಲ್ಲಾಡ್ಲಿಲ್ಲ," ಎಂದರು. "ಎದುರಿನಿಂದ ಬಂದ್ರೆ ಅದು ಬಾಲ ಅಲ್ಲ, ಹಿಂದಿನಿಂದ ಬನ್ನಿ ಅಂತ ಹೇಳಿದ್ರು. ನ್ಯಾಯವೇ ಅಲ್ವಾ?"

ಆಮೇಲೆ ಬೈಕು ಆರಿಸಿ ಕೀಯನ್ನು ಹೊರಗೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಮಗನ ಕಡೆ ತಿರುಗಿದರು. "ಎಡವಟ್ಟಾಯ್ತು ಮೋನೆ. ಮಾತು ಮಾತೇ, ನಾಳೆ ಕೊಟ್ಟುಬಿಡುವ. ಆದ್ರೆ ಅವರೆಲ್ಲ ಬಿಸಿಲಲ್ಲಿ ನಿಂತಿದ್ದಾರೆ. ಅವರನ್ನೆಲ್ಲ ಊಟಕ್ಕೆ ಮುಟ್ಟಿಸಿ ಬಂದು ಕೀ ಕೊಡ್ತೇನೆ, ಆಗ್ತದಾ?"

ಅಂಥ ದೊಡ್ಡ ಮನುಷ್ಯ ಮಗನ ಮುಂದೆ ಹಾಗೆ ಕೇಳಿದ್ದು ನೋಡಿ ನನಗೆ ಅಳು ಬಂತು.

ಇರ್ಫಾನ್ ನನ್ನನ್ನು ನೋಡಿದ. "ಅವರೆಲ್ಲ ಇನ್ನೂ ನಿಂತಿದ್ದಾರಾ ಟೀಚರ್? ಬೆಳಿಗ್ಗೆಯಿಂದ?"

"ನಿನ್ನ ಬಾಪ ಬಾರದೆ ಯಾರು ಹೋಗ್ತಾರೆ?" ಎಂದೆ.

ಅವನು ಸ್ವಲ್ಪ ದೂರ ಹೋಗಿ ಫೋನ್ ಮಾಡಿದ. ಅವರ ಮನೆಮಾತಾದ ಬ್ಯಾರಿ ನನಗೆ ಪೂರ್ತಿ ಬಾರದು. ಬೈಕು ಕೊಡುವುದಿಲ್ಲ, ನಾಳೆ ಬರುವುದು ಬೇಡ ಎಂದದ್ದು ಮಾತ್ರ ಅರ್ಥವಾಯಿತು. ಹಿಂದೆ ಬಂದು ಅಪ್ಪನ ಅಂಗೈಯನ್ನು ಕೀ ಸಮೇತ ಮಡಚಿದ. "ಹೋಗಿ ಬಾಪ. ನಾನು ಕಾರಿನಲ್ಲಿ ಹಿಂದೆ ಬರ್ತೇನೆ."

ಹಮೀದಾಕ ಗಂಭೀರವಾದರು. "ನನ್ನ ಹಿಂದೆ ಯಾರೂ ಬರ್ಲಿಕ್ಕಿಲ್ಲ. ಬಾಲಕ್ಕೆ ಇನ್ನೊಂದು ಬಾಲವಾ? ಮುಂದೆ ಹೋಗು."

ಅವನು ಮುಂದೆ ಹೋದ. ನಾವು ಗುರುವಾಯನಕೆರೆ ಮುಟ್ಟುವಾಗ ಪಿಂಟೋ ಮಾಸ್ಟ್ರ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಇರ್ಫಾನನೂ ವೇಣೂರಿನ ಕಡೆ ಕೈ ನೀಡಿ ನಿಂತಿದ್ದ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಕಳೆದ ಬೇಸಿಗೆಯಲ್ಲಿ ಹಮೀದಾಕ ತಾವಾಗಿಯೇ, ಎಲ್ಲರನ್ನೂ ನೋಡಿಕೊಳ್ಳುವಷ್ಟು ಕಣ್ಣು ಈಗ ಚುರುಕಿಲ್ಲ ಎಂದು ಬಾಲದ ಹುದ್ದೆಯನ್ನು ನನಗೆ ಬಿಟ್ಟುಕೊಟ್ಟರು. ಸವಾರಿ ಬಿಟ್ಟಿಲ್ಲ. ಮೊದಲ ಕವಲಿನವರೆಗೆ ಬರುತ್ತಾರೆ, ಅಲ್ಲಿ ಕಂಬವಾಗುತ್ತಾರೆ, ಅಲ್ಲಿಂದ ಮನೆಗೆ.

ಇವತ್ತು ಬೆಳಿಗ್ಗೆ ದಾರಿಯಲ್ಲಿ ನನ್ನ ಬೈಕು ಆಫಾಗಿ ಎಷ್ಟು ಒದ್ದರೂ ಏಳಲಿಲ್ಲ. ಅದು ಮನಸ್ಸು ಮಾಡುವಷ್ಟರಲ್ಲಿ ತುಂಬ ತಡವಾಗಿತ್ತು. ಬಾಲವಾದ ಮೇಲೆ ಹಿಂದೆ ಯಾರೂ ಇರುವುದಿಲ್ಲ. ಖಾಲಿ ರಸ್ತೆಯಲ್ಲಿ ಒಬ್ಬಳೇ ಹೋಗುವಾಗ ನನ್ನನ್ನು ಎಲ್ಲರೂ ಮರೆತರೇನೋ ಎಂದು ನಿಜಕ್ಕೂ ಅಳುಕಾಯಿತು. ಕವಲು ಬಂತು. ಹಮೀದಾಕ ಇದ್ದರು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೂ ಕೈ ನೀಡಿಯೇ ಇತ್ತು.

"ತುಂಬ ತಡವಾಯ್ತು ಹಮೀದಾಕ. ಕಾದು ಕಾದು ಬೇಜಾರಾಯ್ತಾ?"

"ನೀವು ಬರ್ಲಿಕ್ಕಿದ್ದೀರಲ್ಲ ಟೀಚರ್," ಎಂದರು ಅವರು, ಕೈ ಇಳಿಸದೆ. "ಬರ್ಲಿಕ್ಕಿರುವವರನ್ನು ಕಾಯುವುದರಲ್ಲಿ ಬೇಜಾರೆಂತದು?"