ಸತ್ತೆವ್ವ ಸುಮ್ಮನೆ ಕೂತ ವಾರ

ಕುಲಗೋಡದಲ್ಲಿ ಸತ್ತೆವ್ವನ ದನಿ ಕೇಳದವರಿಲ್ಲ, ಅವಳ ಮಾತು ಕೇಳಿದವರೂ ಇಲ್ಲ. ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಅವಳನ್ನು ಜೋಳದ ಹೊಲದ ಮಂಚಿಕೆ ಹತ್ತಿಸಿ, ಕೈಗೊಂದು ಕವಣೆ ಕೊಟ್ಟು, ಹಕ್ಕಿ ಕಾಯಲು ಕೂರಿಸಿದ್ದರು. ಈಗ ಅರವತ್ತರ ಹತ್ತಿರ. ಕೂಗಿ ಕೂಗಿ ಗಂಟಲು ಎಂಥದಾಗಿದೆಯೆಂದರೆ, ನೀರು ಕೇಳಿದರೂ ಜಗಳಕ್ಕೆ ಬಂದಂತಿರುತ್ತದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಸತ್ತೆವ್ವನದು ಆಡಿದರೆ ಮೂರು ಹೊಲ ದಾಟಿ ಹೋಗುತ್ತಿತ್ತು.

ಗಂಡ ತೀರಿಕೊಂಡ ಮೇಲೆ ತಮ್ಮ ಸೋಮಪ್ಪನ ಮನೆಯಲ್ಲಿದ್ದಾಳೆ. ಅಲ್ಲಿ ಬಾಯಿ ತೆರೆದರೆ ಸಾಕು, ತಮ್ಮನ ಹೆಂಡತಿ ಲಗಮವ್ವ, "ಮೆಲ್ಲಕ ಮಾತಾಡ್ರಿ, ಓಣಿಗೆಲ್ಲಾ ಕೇಳ್ತೈತಿ," ಅನ್ನುತ್ತಾಳೆ. ಸೋಮಪ್ಪನ ಮಗಳನ್ನು ನೋಡಲು ಬೀಗರು ಬಂದ ದಿನವಂತೂ ಸತ್ತೆವ್ವನನ್ನು ಹಿತ್ತಲಿಗೆ ಕಳಿಸಿದ್ದರು. ದನಗಳ ಮುಂದೆ ಕೂತು ಚಹಾ ಕುಡಿದಳು. ಅಳು ಬಂದಿತ್ತು, ಆದರೆ ಅತ್ತರೂ ಕೇಳಿಸೀತೆಂದು ಅಳಲಿಲ್ಲ.

ಮೊದಲೆಲ್ಲ ಸುತ್ತಲೂ ಜೋಳವೇ ಇತ್ತು. ಇವಳು "ಹೋಯ್" ಎಂದರೆ ಬಾಜೂ ಹೊಲದ ಮಂಚಿಕೆಯಿಂದ ಸಾವಿತ್ರವ್ವ "ಹೋಯ್" ಅನ್ನುತ್ತಿದ್ದಳು, ಅವಳಾಚೆಗೆ ಇನ್ನೊಬ್ಬಳು. ಈಗ ಎತ್ತ ನೋಡಿದರೂ ಕಬ್ಬು. ಕಬ್ಬಿಗೆ ಹಕ್ಕಿ ಕಾಯುವವರು ಯಾಕೆ ಬೇಕು? ಸಾವಿತ್ರವ್ವ ಮಗಳ ಮನೆ ಸೇರಿದಳು. ಕೊಂಡುತಂದ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುವ ಮಾಲಿಂಗಪ್ಪನೊಬ್ಬ ಹಟಕ್ಕೆ ಬಿದ್ದು ಒಂದು ತುಂಡು ಹೊಲದಲ್ಲಿ ಜೋಳ ಹಾಕುತ್ತಾನೆ. ಸೀಮೆಯ ಗಿಳಿ ಗುಬ್ಬಿಗಳೆಲ್ಲ ಅಲ್ಲಿಗೇ ಬರುತ್ತವೆ. ಸತ್ತೆವ್ವ ಒಬ್ಬಳೇ ಕೂಗುತ್ತಾಳೆ, ತಿರುಗಿ ಯಾರೂ ಕೂಗುವುದಿಲ್ಲ.

ಈ ಸಲ ದಸರೆಯ ಹೊತ್ತಿಗೆ ಹೊಲದ ಮೇಲಿನ ಕರೆಂಟಿನ ತಂತಿಗೆ ಒಂದು ನೀಲಿ ಹಕ್ಕಿ ಬಂತು. ತೆನೆ ಮುಟ್ಟುತ್ತಿರಲಿಲ್ಲ. ಸತ್ತೆವ್ವ ಎಣ್ಣೆಯ ಡಬ್ಬಿ ಬಡಿಯುತ್ತ, ಕೂಗುತ್ತ ಸಾಲಿನೊಳಗೆ ನಡೆದರೆ ಉಳಿದ ಹಕ್ಕಿಗಳೆಲ್ಲ ದಿಕ್ಕಾಪಾಲಾಗುತ್ತಿದ್ದವು. ಇದು ಮಾತ್ರ ಹೆದರದೆ, ಆಗಾಗ ಅವಳ ಬೆನ್ನ ಹಿಂದೆಯೇ ನೆಲಕ್ಕಿಳಿದು ಮತ್ತೆ ತಂತಿಗೇರುತ್ತಿತ್ತು. ಇವಳಿಗೆ ಹಿಡಿಸಲಾರದಷ್ಟು ಸಂತೋಷ. ಅದರ ಜೊತೆ ಬಾಯಿತುಂಬ ಮಾತಾಡತೊಡಗಿದಳು. ಅದು ಒಮ್ಮೆಯೂ ಮೆಲ್ಲಕ ಅನ್ನಲಿಲ್ಲ.

ಗಾಂಧಿ ಜಯಂತಿಯ ರಜೆಯ ದಿನ ಹೊಲದ ದಂಡೆಗೆ ಒಂದು ಸ್ಕೂಟಿ ನಿಂತಿತು. ಹುಕ್ಕೇರಿಯ ಕಾಲೇಜಿನಲ್ಲಿ ಪಾಠ ಹೇಳುವ ಶೀತಲ್. ರಜೆ ಸಿಕ್ಕರೆ ದುರ್ಬೀನು ಹಿಡಿದು ಹಕ್ಕಿ ನೋಡಲು ಹೊರಡುವವಳು.

"ಮಾವಶಿ, ಈ ಹಕ್ಕಿ ಯಾವಾಗಿಂದ ಕುಂಡ್ರತೈತ್ರಿ ಇಲ್ಲಿ?"

"ವಾರ ಆತ ತಂಗಿ. ನನ್ನ ಗುರ್ತ ಹಿಡದೈತಿ."

"ಇದು ನಮ್ಮ ಕಡಿ ನೀಲಕಂಠ ಅಲ್ರಿ. ದೂರ ದೇಶದ್ದು, ಆಫ್ರಿಕಾಕ್ಕ ಹೋಗೂ ಹಾದ್ಯಾಗ ಇಳದೈತಿ. ಇಲ್ಲಿ ಕಾಣೂದ ಅಪರೂಪ. ರವಿವಾರ ಗೋಕಾಕ, ಸಂಕೇಶ್ವರದ ನಮ್ಮ ಮಂದೀನ್ನೆಲ್ಲಾ ಕರ್ಕೊಂಡ ಬರ್ತೀನ್ರಿ. ಅಲ್ಲೀತನಾ ಇದು ಇರಬೇಕಷ್ಟ."

"ಇರ್ತೈತಿ. ನಾ ಇರಸ್ತೇನಿ," ಎಂದಳು ಸತ್ತೆವ್ವ, ಹಕ್ಕಿ ತನ್ನ ಕೊಟ್ಟಿಗೆಯ ಕರುವೇನೋ ಅನ್ನುವ ಹಾಗೆ.

ಅವಳಿದ್ದಲ್ಲಿಗೆ ಹುಡುಕಿಕೊಂಡು ಜನ ಬರುವುದೆಂದರೆ ಇದೇ ಮೊದಲು. ಹಕ್ಕಿ ಯಾವುದಕ್ಕೆ ಹಾರುತ್ತದೆ ಎಂದು ಅವಳನ್ನು ಕೇಳಬೇಕೆ? ಸದ್ದಿಗೆ. ಅದೇ ಅವಳ ಕಸುಬು. ಹಾಗಾಗಿ ಅಂದಿನಿಂದ ಡಬ್ಬಿ ಮುಟ್ಟಲಿಲ್ಲ, ಕವಣೆ ಬೀಸಲಿಲ್ಲ, ಮಂಚಿಕೆಯಿಂದ ಇಳಿಯಲಿಲ್ಲ. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಗಿಳಿಗಳು ಹಬ್ಬ ಮಾಡಿದವು. ಮಾಲಿಂಗಪ್ಪ ಬಂದು, "ಏನಬೇ, ಬಾಯಾಗ ಕಡಬ ಇಟ್ಕೊಂಡೀಯೇನ?" ಎಂದು ಬೈದ. ಬೈಸಿಕೊಂಡಳು. ಶನಿವಾರ ಮಧ್ಯಾಹ್ನ ಹಕ್ಕಿ ತಂತಿಯ ಮೇಲೆ ಮುದುಡಿ ಕೂತಿತ್ತು. ಸಂಜೆ ಎದ್ದು ಹೋದದ್ದು ಮರಳಲಿಲ್ಲ.

ರವಿವಾರ ಜನ ಬಂದರು. ಸತ್ತೆವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಅವರು ಬರಿದಾದ ತಂತಿ ನೋಡಿದರು, ಕಬ್ಬಿನ ಕಡೆ ದುರ್ಬೀನು ತಿರುಗಿಸಿದರು. ಅಷ್ಟರಲ್ಲಿ ಯಾರದೋ ಮೊಬೈಲಿಗೆ ಸುದ್ದಿ ಬಂತು: ಸಂಕೇಶ್ವರದ ಹೊಳೆಯ ದಂಡೆಗೆ ಅಂಥದೇ ಹಕ್ಕಿ ಕಂಡಿದೆಯಂತೆ. ಎಲ್ಲರೂ ಗಾಡಿ ಹತ್ತಿದರು.

"ಹಾದೀಲೆ ಹೋಗೂ ಹಕ್ಕಿರಿ ಮಾವಶಿ, ನೀವೇನ ಮಾಡಾಕಾಗ್ತೈತಿ," ಎಂದಳು ಶೀತಲ್. ಅವಳೊಬ್ಬಳು ನಿಂತು ಒಂದು ರೊಟ್ಟಿ ತಿಂದು ಹೋದಳು.

ಇನ್ನು ಸುಮ್ಮನಿದ್ದು ಏನು? ಸತ್ತೆವ್ವ ಡಬ್ಬಿ ತೆಗೆದುಕೊಂಡು ಸಾಲಿಗಿಳಿದಳು. ಬಡಿದಳು, ಕೂಗಿದಳು. ಅವಳ ಕಾಲ ಮುಂದೆ, ಬೆನ್ನ ಹಿಂದೆ ಮಿಡತೆಗಳು ಪಟಪಟ ಎದ್ದವು. ಸತ್ತೆವ್ವ ನಿಂತಲ್ಲೇ ನಿಂತಳು. ಇವನ್ನು ಹಿಡಿಯಲಿಕ್ಕೇ ಅಲ್ಲವೇ ಅದು ನೆಲಕ್ಕಿಳಿಯುತ್ತಿದ್ದುದು? ಇವಳು ಸದ್ದು ಮಾಡಿದರೆ ಮಿಡತೆ, ಮಿಡತೆ ಎದ್ದರೆ ಅದಕ್ಕೆ ಊಟ. ಇವಳು ಬಾಯಿ ಮುಚ್ಚಿ ಕೂತು ಅದನ್ನು ಉಪವಾಸ ಕೆಡವಿದ್ದಳು.

"ನಾ ಒದರತೇನಂತನ ಕುಂತಿತ್ತಲ್ಲೋ ಶಿವನ!" ಎಂದಳು.

ಆಮೇಲೆ ಹೊತ್ತು ಮುಳುಗುವವರೆಗೂ ಕೂಗಿದಳು. ಹೊಲವನ್ನು ಮೂಲೆಯಿಂದ ಮೂಲೆಗೆ ತುಳಿದಳು, ಮಿಡತೆ ಎಬ್ಬಿಸಿದಳು, ತಂತಿ ನೋಡಿದಳು. ಗಿಳಿಗಳು ಹೋದವು, ಗುಬ್ಬಿಗಳು ಹೋದವು. ತಂತಿಗೆ ಯಾವುದೂ ಬರಲಿಲ್ಲ.

ಮನೆಗೆ ಬಂದಾಗ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಹೊಸ್ತಿಲಲ್ಲಿ ಕೂತು ನೀರು ಕೇಳಿದಳು, ಬರೀ ಉಸಿರಿನಲ್ಲಿ.

ಲಗಮವ್ವ ತಂಬಿಗೆ ತಂದುಕೊಟ್ಟು, ಎಂದೂ ಇಲ್ಲದ ಅಕ್ಕರೆಯಿಂದ ಅಂದಳು: "ನೋಡ್ರಿ, ಹಿಂಗ ಮಾತಾಡಿದ್ರ ಎಷ್ಟ ಚಲೋ ಅನಸ್ತೈತಿ."