ಅಂಗಾತ ಮಲಗಿದ ಗಿಳಿ

ಬಾದಾಮಿಗೆ ಹೊರಟವಳು ದಾರಿಯಲ್ಲಿ ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ಗೆಳತಿ ಶಾರದಾಳ ಮನೆಗೆ ಹೋದೆ. ಪಡಸಾಲೆಯ ಪಂಜರದಲ್ಲಿ ಪರದೇಶದ ಮಳೆಕಾಡಿನ ಪುಟ್ಟ ಗಿಳಿ ಲೋರಿಕೀಟ್ ಇತ್ತು. ನೀಲಿ ತಲೆ, ಕೆಂಪು ಎದೆ, ಹಸಿರು ರೆಕ್ಕೆ. ಕಾಲು ಮೇಲೆತ್ತಿ ಅಂಗಾತ ಬಿದ್ದಿತ್ತು.

"ಅಯ್ಯೋ, ಗಿಳಿ ಸತ್ತುಹೋಗಿದೆ!" ಎಂದು ಚೀರಿದೆ.

"ಸತ್ತಿಲ್ಲ, ನಿದ್ದಿ ಮಾಡಾಕತ್ತೈತಿ. ಈ ಜಾತಿಯವು ಹಿಂಗೂ ಮಲಗ್ತಾವ," ಎಂದಳು ಶಾರದಾ. ಸರಳಿನ ನಡುವೆ ಬೆರಳು ತೂರಿಸಿ ಅದರ ಹೊಟ್ಟೆ ಮುಟ್ಟಿದಳು. ಗಿಳಿ ಎದ್ದು, ಬ್ರಷ್ಷಿನಂಥ ನಾಲಿಗೆಯಿಂದ ಆ ಬೆರಳನ್ನೇ ನೆಕ್ಕಿತು. ನಾನು ನಕ್ಕೆ. ಅವಳು ನಗಲಿಲ್ಲ.

"ಬ್ಯಾರೆ ಪಂಜರದಾಗ ಇದರ ಜೋಡಿ ಗಿಳಿ ಇತ್ತು. ಒಂದಿನ ಅದೂ ಹಿಂಗ ಬಿದ್ದಿತ್ತು. ಹಕ್ಕಿ ಜ್ವರ ಅಂತ ಅಂಜಿ ಯಾರೂ ಮುಟ್ಟಲಿಲ್ಲ, ಪಂಜರದ ಸಮೇತ ಹಿತ್ತಲದಾಗ ಹುಗದ್ವಿ. ಇವು ಹಿಂಗ ಮಲಗ್ತಾವ ಅಂತ ಆಮ್ಯಾಲೆ ಇದನ್ನ ನೋಡಿ ಗೊತ್ತಾತು."

ಹಿತ್ತಲ ಬಾಗಿಲ ಕಡೆ ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.